ಬೀಟಾ ಆವೃತ್ತಿಗಳ ಕೈಪಿಡಿಯನ್ನು ಯಾವಾಗ ಬರೆಯಬೇಕು, ಎಲ್ಲಿ ಇಡಬೇಕು?

ಪ್ರಶ್ನೆ

ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿರುವ ಬರಹವನ್ನು ಯೂನಿಕೋಡ್‌ಗೆ ಪರಿವರ್ತಿಸುವ ಪೈಥಾನ್ ಲೈಬ್ರರಿಯೊಂದನ್ನು ನಾವು ಮೂವರು ನೋಡಿಕೊಳ್ಳುತ್ತಿದ್ದೇವೆ. ಹಳೆಯ ವಿನ್ಯಾಸದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ವ್ಯಂಜನದ ನಂತರ ಕೂರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಂತೆ ರಕಾರವೇ ಮೊದಲು ಬರಬೇಕು. ಈ ಭಾಗವನ್ನು ಹೊಸದಾಗಿ ಬರೆದು 2.0ರ ಮೊದಲ ಬೀಟಾವನ್ನು (ಅಂತಿಮ ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ) ಹೊರತಂದೆವು. ಎರಡನೆಯ ಬೀಟಾದಲ್ಲಿ ‘ರ‍್ಯಾಂಕ್’ನಂತಹ ಪದಗಳಿಗಾಗಿ ಝಡ್‌ಡಬ್ಲ್ಯೂಜೆ (ಅಕ್ಷರಗಳ ಜೋಡಣೆಯನ್ನು ನಿಯಂತ್ರಿಸುವ, ಕಣ್ಣಿಗೆ ಕಾಣದ ಸಂಕೇತ) ಸೇರಿಸುವ ಆಯ್ಕೆಯೊಂದನ್ನು ಕೊಟ್ಟೆವು. ಮೂರನೆಯದರಲ್ಲಿ ಆ ಆಯ್ಕೆಯ ಹೆಸರನ್ನು ಬದಲಿಸಿದೆವು, ಆದರೆ ಕೈಪಿಡಿಯನ್ನು ತಿದ್ದಲಿಲ್ಲ. 1.4 ಆವೃತ್ತಿಯನ್ನು ಬಳಸುವ ಗ್ರಂಥಪಾಲಕರೊಬ್ಬರು ಬೀಟಾದ ಕೈಪಿಡಿಯನ್ನು ತಮ್ಮದೆಂದೇ ಓದಿ, ತಮ್ಮಲ್ಲಿ ಇಲ್ಲದ ಆಯ್ಕೆಗಾಗಿ ಎರಡು ದಿನ ಹುಡುಕಿದರು. ಅವರಿಗೆ ಆದ ತೊಂದರೆ ನನ್ನನ್ನು ಬಹಳ ಕಾಡಿದೆ. ಬೀಟಾ ಪದೇ ಪದೇ ಬದಲಾಗುವಾಗ ಕೈಪಿಡಿಯನ್ನು ಹೇಗೆ ನಿಭಾಯಿಸಬೇಕು? ಅಂತಿಮ ಬಿಡುಗಡೆಯವರೆಗೆ ಬರೆಯದೇ ಇರುವುದು ಮೇಲೇ?

ಉತ್ತರ 1

ಬರೆಯದೇ ಇರಬೇಡಿ. ಕೈಪಿಡಿಯಿಲ್ಲದ ಬೀಟಾವನ್ನು ಪರೀಕ್ಷಿಸುವವರಿಗೆ ತಾವು ಕಂಡದ್ದು ದೋಷವೋ ಉದ್ದೇಶಿತ ನಡವಳಿಕೆಯೋ ತಿಳಿಯುವ ದಾರಿಯೇ ಇರುವುದಿಲ್ಲ.

ಪೈಥಾನ್ ಭಾಷೆಯನ್ನು ರೂಪಿಸುವವರು ಇದನ್ನು ಹೇಗೆ ನಡೆಸುತ್ತಾರೆಂಬುದನ್ನು ನೋಡಿ. ಬಳಕೆದಾರರಿಗೆ ಗೋಚರಿಸುವ ಪ್ರತಿಯೊಂದು ಬದಲಾವಣೆಯ ಜೊತೆಗೆ, ಅದನ್ನು ಸೇರಿಸಿಕೊಳ್ಳಿ ಎಂದು ಕಳಿಸುವ ಅದೇ ಕೋರಿಕೆಯಲ್ಲಿ, ಒಂದೆರಡು ವಾಕ್ಯದ ಪುಟ್ಟ ಸುದ್ದಿ ಫೈಲ್ ಇರಬೇಕು; ಬಿಡುಗಡೆಯ ದಿನ ‘ಬ್ಲರ್ಬ್’ ಎಂಬ ಸಾಧನ ಅವನ್ನೆಲ್ಲ ಒಗ್ಗೂಡಿಸಿ ಬದಲಾವಣೆಗಳ ಪಟ್ಟಿಯಾದ ಚೇಂಜ್‌ಲಾಗ್ ಮಾಡುತ್ತದೆ. ಪ್ರತಿ ಬದಲಾವಣೆಗೂ ಬೇರೆಯೇ ಫೈಲ್ ಇರುವುದರಿಂದ ಇಬ್ಬರು ಒಂದೇ ಸಾಲನ್ನು ತಿದ್ದಿ ತಿಕ್ಕಾಟವಾಗುವುದಿಲ್ಲ, ಮೂರು ವಾರದ ಹಿಂದಿನ ಕೆಲಸವನ್ನು ನೆನಪಿನಿಂದ ಬರೆಯಬೇಕಾಗಿಯೂ ಬರುವುದಿಲ್ಲ. ಮೂವರ ತಂಡಕ್ಕೂ ಇದು ಸಲ್ಲುತ್ತದೆ.

ಆದರೆ ನಿಮ್ಮ ತೊಡಕಿನ ಬೇರು ಕೈಪಿಡಿಗಿಂತ ಮೊದಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಪೈಥಾನ್‌ನಲ್ಲಿ ಮೊದಲ ಬೀಟಾ ಬಂದ ಕೂಡಲೇ ಹೊಸ ಸೌಲಭ್ಯಗಳಿಗೆ ಬಾಗಿಲು ಮುಚ್ಚುತ್ತದೆ. ನಂತರ ದೋಷ ತಿದ್ದಬಹುದು, ಸರಿಯಿಲ್ಲದ್ದನ್ನು ಹಿಂತೆಗೆಯಬಹುದು. 3.13ರಲ್ಲಿ ಹೀಗೆಯೇ ಆಯಿತು. 2024ರ ಮೇ ತಿಂಗಳಿನಲ್ಲಿ ಮೊದಲ ಬೀಟಾ ಬಂದಿತ್ತು, ಅಕ್ಟೋಬರ್ 1ಕ್ಕೆ ಅಂತಿಮ ಆವೃತ್ತಿ ಬರಬೇಕಿತ್ತು. ಅಷ್ಟರಲ್ಲಿ ಬಳಕೆ ಮುಗಿದ ಮೆಮೊರಿಯನ್ನು ತೆರವುಗೊಳಿಸುವ ಹೊಸ ಗಾರ್ಬೇಜ್ ಕಲೆಕ್ಟರ್‌ನಿಂದ ಕೆಲವು ಬಗೆಯ ಕೆಲಸಗಳ ವೇಗ ಕುಗ್ಗುವ ಆತಂಕ ಎದ್ದು, ಅದನ್ನು ಹಿಂತೆಗೆದು, ಅಂದು ಮೂರನೆಯ ರಿಲೀಸ್ ಕ್ಯಾಂಡಿಡೇಟನ್ನು (ಬೀಟಾದ ನಂತರದ, ಅಂತಿಮಕ್ಕೆ ಮುಂಚಿನ ಪರೀಕ್ಷಾ ಆವೃತ್ತಿ) ಹೊರತಂದು, ಅಕ್ಟೋಬರ್ 7ಕ್ಕೆ ಅಂತಿಮ ಆವೃತ್ತಿಯನ್ನು ಕೊಟ್ಟರು. ಹಿಂತೆಗೆದದ್ದನ್ನೂ ಅದರ ಕಾರಣವನ್ನೂ ಪ್ರಕಟಣೆಯಲ್ಲಿಯೇ ಹೇಳಿದರು. ತೆಗೆದುಹಾಕಿದ್ದನ್ನು ಬರೆದಿಡುವುದು ಸೇರಿಸಿದ್ದನ್ನು ಬರೆದಿಡುವಷ್ಟೇ ಮುಖ್ಯ. ನಿಮ್ಮ ಆಯ್ಕೆಯ ಹಳೆಯ ಹೆಸರು ಯಾವ ಬೀಟಾದಲ್ಲಿ ಹೋಯಿತೆಂಬ ಒಂದು ಸಾಲು ಈಗಲೂ ಬೇಕು.

ಉತ್ತರ 2

ಗ್ರಂಥಪಾಲಕರ ಪ್ರಸಂಗಕ್ಕೆ ಕಾರಣ ಬರಹಕ್ಕಿಂತ ವಿಳಾಸವಿರಬಹುದು. ಕೈಪಿಡಿಯನ್ನು ಕೈಪಿಡಿಗಳನ್ನು ಪ್ರಕಟಿಸುವ ಜಾಲತಾಣವಾದ ರೀಡ್ ದ ಡಾಕ್ಸ್‌ನಲ್ಲಿ ಇಟ್ಟಿದ್ದರೆ, ಅಲ್ಲಿ ‘ಲೇಟೆಸ್ಟ್’ ಎಂಬುದು ಮುಖ್ಯ ಬ್ರಾಂಚನ್ನೂ (ಕೆಲಸ ನಡೆಯುತ್ತಿರುವ ಕೋಡ್), ‘ಸ್ಟೇಬಲ್’ ಎಂಬುದು ಬೀಟಾಗಳನ್ನು ಬಿಟ್ಟು ಉಳಿದವುಗಳಲ್ಲಿ ಅತ್ಯಂತ ಹೊಸ ಟ್ಯಾಗನ್ನೂ (ಬಿಡುಗಡೆಯ ಗುರುತು) ತೋರಿಸುತ್ತವೆ. ಪೂರ್ವನಿಯೋಜಿತ ಆವೃತ್ತಿಯನ್ನು ‘ಸ್ಟೇಬಲ್’ ಎಂದು ಬದಲಿಸಿದರೆ, ಹುಡುಕಿಕೊಂಡು ಬಂದವರು 1.4ರ ಪುಟಕ್ಕೇ ತಲುಪುತ್ತಾರೆ. ಪೈಥಾನ್ ಲೈಬ್ರರಿಗಳನ್ನು ಸ್ಥಾಪಿಸುವ ಪಿಪ್ ಕೂಡ ಇದೇ ನೀತಿಯನ್ನು ಅನುಸರಿಸುತ್ತದೆ: ‘ಪ್ರೀ’ ಎಂಬ ಸೂಚನೆ ಕೊಡದಿದ್ದರೆ, ಸ್ಥಿರ ಆವೃತ್ತಿ ಲಭ್ಯವಿರುವಾಗ ಅದು ಬೀಟಾವನ್ನು ತಾನಾಗಿ ಸ್ಥಾಪಿಸುವುದಿಲ್ಲ. ಕೈಪಿಡಿಯೂ ಅದೇ ದಾರಿಯಲ್ಲಿ ನಡೆಯಲಿ.

ಪೈಥಾನ್ ಲೈಬ್ರರಿಗಳ ಭಂಡಾರವಾದ ಪೈಪಿಐನಲ್ಲಿ ಒಮ್ಮೆ ಏರಿಸಿದ ಫೈಲಿನ ಹೆಸರನ್ನು, ಫೈಲನ್ನು ಅಳಿಸಿದ ನಂತರವೂ ಮತ್ತೆ ಬಳಸಲಾಗದು. ಆದ್ದರಿಂದ ಕೈಪಿಡಿಯನ್ನು ತಿದ್ದದೆ ಹೊರಬಿಟ್ಟ ಮೂರನೆಯ ಬೀಟಾವನ್ನು ಸರಿಪಡಿಸಲು ನಾಲ್ಕನೆಯದೇ ಬೇಕು.

ಉತ್ತರ 3

ಸೌಲಭ್ಯಗಳಿಗೆ ಬಾಗಿಲು ಮುಚ್ಚುವ ಮಾತನ್ನು ನಾನು ಒಪ್ಪುತ್ತೇನೆ, ಆದರೆ ಒಂದು ತಿದ್ದುಪಡಿಯೊಂದಿಗೆ. ಕನ್ನಡ ಬರಹದ ಕೆಲಸದಲ್ಲಿ ಯಾವ ಆಯ್ಕೆ ಬೇಕೆಂಬುದು ನಿಜವಾದ ಹಳೆಯ ಕಡತಗಳನ್ನು ಕಂಡ ಮೇಲೆಯೇ ತಿಳಿಯುತ್ತದೆ. ಆ ಹಂತವನ್ನು ಬೀಟಾಕ್ಕೆ ಮುಂಚಿನ ಆಲ್ಫಾ ಎಂದು ಕರೆಯಿರಿ. ಹೆಸರುಗಳು ಬದಲಾಗಬಹುದೆಂದು ಪ್ರತಿ ಪುಟದ ತಲೆಯಲ್ಲಿ ಬರೆಯಿರಿ. ಬೀಟಾ ಎಂದ ಮೇಲೆ ಹೆಸರು ಬದಲಿಸಬೇಡಿ.

ಬೀಟಾದ ಕೈಪಿಡಿಯಲ್ಲಿ ದೋಷ ವರದಿ ಮಾಡುವ ಬಗೆಗೂ ಒಂದು ಪುಟವಿರಲಿ. ‘ಒತ್ತಕ್ಷರ ಸರಿಯಿಲ್ಲ’ ಎಂಬ ಮಾತಿನೊಂದಿಗೆ ಬರುವ ಪರದೆಯ ಚಿತ್ರ ನಿಮ್ಮ ಉಪಯೋಗಕ್ಕೆ ಬಾರದು, ಏಕೆಂದರೆ ತಪ್ಪು ಪರಿವರ್ತನೆಯದೋ ಫಾಂಟಿನದೋ ಅದರಿಂದ ತಿಳಿಯುವುದಿಲ್ಲ, ಝಡ್‌ಡಬ್ಲ್ಯೂಜೆಯಂತೂ ಕಣ್ಣಿಗೆ ಕಾಣುವುದೇ ಇಲ್ಲ. ಮೂಲ ಕಡತದ ತುಣುಕು, ಹೊರಬಂದ ಪದದ ಯೂನಿಕೋಡ್ ಸಂಖ್ಯೆಗಳಾದ ಕೋಡ್ ಪಾಯಿಂಟ್‌ಗಳು, ನಿರೀಕ್ಷಿಸಿದ ರೂಪ, ಆವೃತ್ತಿಯ ಸಂಖ್ಯೆ ಇವಿಷ್ಟನ್ನೂ ಕೇಳಿ. ಕೋಡ್ ಪಾಯಿಂಟ್ ಪಡೆಯುವ ಎರಡು ಸಾಲಿನ ಪೈಥಾನ್ ತುಣುಕನ್ನು ನೀವೇ ಆ ಪುಟದಲ್ಲಿ ಕೊಟ್ಟರೆ, ಪ್ರೋಗ್ರಾಮರ್ ಅಲ್ಲದ ಗ್ರಂಥಪಾಲಕರೂ ಒಳ್ಳೆಯ ವರದಿ ಕಳಿಸಬಲ್ಲರು.

ಪ್ರಶ್ನೆ ಕೇಳಿದವರ ಮರುನುಡಿ

ಮೂವರಿಗೂ ಕೃತಜ್ಞತೆಗಳು. ‘ಸ್ಟೇಬಲ್’ ಪುಟವನ್ನು ಇಂದೇ ಪೂರ್ವನಿಯೋಜಿತವಾಗಿಸಿದ್ದೇನೆ. ನಾಲ್ಕನೆಯ ಬೀಟಾದಲ್ಲಿ ಆಯ್ಕೆಯ ಎರಡೂ ಹೆಸರುಗಳು ನಡೆಯುತ್ತವೆ, ಹಳೆಯದನ್ನು ಬಳಸಿದರೆ ಕನ್ನಡದಲ್ಲಿಯೇ ಎಚ್ಚರಿಕೆ ಬರುತ್ತದೆ. ವರದಿಯ ಪುಟದ ಕರಡನ್ನು ಮೊದಲು ಆ ಗ್ರಂಥಪಾಲಕರಿಗೇ ಕಳಿಸಿ, ಅವರು ಅದರಂತೆ ಒಂದು ವರದಿ ಬರೆಯಬಲ್ಲರೇ ಎಂದು ನೋಡಿ ನಂತರ ಬಿಡುಗಡೆ ಮಾಡುತ್ತೇವೆ.