ಅಪ್‌ಡೇಟ್: ಪ್ರಮಾಣಪತ್ರಗಳ ಸಾಫ್ಟ್‌ವೇರ್ ಒಪ್ಪಂದ ಕೊನೆಗೊಂಡಿತು

ಮಡಿಕೇರಿ ಸಮೀಪದ ನಮ್ಮ ಹಳೆಯ ಕಿರು ಜಲವಿದ್ಯುತ್ ಘಟಕದ ನವೀಕರಿಸಬಹುದಾದ ಇಂಧನ ಪ್ರಮಾಣಪತ್ರಗಳ ಲೆಕ್ಕವಿಡುವ ಸಾಫ್ಟ್‌ವೇರ್ ಸೇವೆಯನ್ನು ನಿಲ್ಲಿಸಿದರೆ ಪ್ರಮಾಣಪತ್ರಗಳೇ ಕೈತಪ್ಪುತ್ತವೆಯೇ ಎಂದು ಕಳೆದ ಮಳೆಗಾಲದಲ್ಲಿ ಕೇಳಿದ್ದೆ. ತಪ್ಪುವುದಿಲ್ಲ. ಉತ್ಪಾದಿಸಿದ ಪ್ರತಿ ಒಂದು ಮೆಗಾವ್ಯಾಟ್ ಅವರ್ (ಸಾವಿರ ಯೂನಿಟ್) ಹಸಿರು ವಿದ್ಯುತ್ತಿಗೆ ಒಂದರಂತೆ ಸಿಗುವ, ಮಾರಬಹುದಾದ ಈ ಪ್ರಮಾಣಪತ್ರಗಳ ಅಧಿಕೃತ ದಾಖಲೆ ಇರುವುದು ರಾಷ್ಟ್ರೀಯ ನೋಂದಣಿ ವ್ಯವಸ್ಥೆಯಲ್ಲಿ. ಸಾಫ್ಟ್‌ವೇರ್ ಕಂಪನಿಯ ಬಳಿ ಇದ್ದದ್ದು ಅದರ ಪ್ರತಿ ಮಾತ್ರ. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ 2022ರ ನಿಯಮಗಳಂತೆ, ಬಳಕೆಯಾಗುವವರೆಗೂ ಅವು ಊರ್ಜಿತವಾಗಿರುತ್ತವೆ.

ನಿಜವಾದ ತೊಡಕು ಬೇರೆಡೆ ಇತ್ತು. ಒಪ್ಪಂದ ತಾನಾಗಿಯೇ ನವೀಕರಣಗೊಳ್ಳುವ ಷರತ್ತನ್ನು ನಾವು ಗಮನಿಸಿರಲಿಲ್ಲ. ನಿಮ್ಮಲ್ಲೊಬ್ಬರು ಸೂಚಿಸಿದಂತೆ ಗಡುವಿಗೆ ಮುನ್ನ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸ್ ಕಳುಹಿಸಿ, ಮೀಟರ್ ದಾಖಲೆಗಳನ್ನೆಲ್ಲ ಪಡೆದು ತಾಳೆ ನೋಡಿದ ಮೇಲೆಯೇ ಕೊನೆಯ ಬಿಲ್ ಪಾವತಿಸಿದೆವು. ನೋಂದಣಿ ಖಾತೆಯ ಪಾಸ್‌ವರ್ಡ್ ಕೂಡ ಬದಲಿಸಿದ್ದೇವೆ. ಸಹಾಯ ಮಾಡಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು.