ಫ್ರಾನ್ಸ್ ಹೆಂಗಸರು ವೋಟಿಗಾಗಿ ಕಾಲುಚೀಲ ಹಂಚಿದ್ದು ಖರೇನಾ?

ಜೀನ್ಸ್ ಮಿಷನ್ ಅಕ್ಕ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಾನು ಮನಿಯಾಗ ಜೀನ್ಸ್ ಹೊಲಿಯೋಕಿ. ಕತ್ತರಿಸಿದ ಪೀಸ್ ತಂದು, ಜೇಬು ಕೂಡಿಸಿ, ಡಜನ್ ಲೆಕ್ಕದಾಗ ವಾಪಸ್ ಕೊಡ್ತೀನಿ. ಓದಿದ್ದು ಎಸ್ಸೆಸ್ಸೆಲ್ಸಿ. ತಪ್ಪು ಬರೆದ್ರ ಬೈಬ್ಯಾಡ್ರಿ.

ಮಗಳು ಪಿಯು ಎರಡನೇ ವರ್ಷ. ಭಾಷಣ ಸ್ಪರ್ಧೆಗೆ ಫ್ರಾನ್ಸಿನ ಹೆಂಗಸರಿಗೆ ವೋಟು ಬಂದ ಕಥಿ ತಗೊಂಡಾಳ. ನಿನ್ನೆ ರಾತ್ರಿ ಕರೆಂಟ್ ಹೋಗಿತ್ತು, ಮಿಷನ್ ಬಂದ್, ಹಂಗಾಗಿ ನನ್ನ ಮುಂದ ಕುಂತು ಪೂರ್ತಿ ಹೇಳಿದ್ಲು. 1789ರಾಗ ಕ್ರಾಂತಿ ಮಾಡಿ ಎಲ್ಲಾರೂ ಸಮಾನರು ಅಂದ ದೇಶ. 1848ರಾಗ ಎಲ್ಲಾ ಗಂಡಸರಿಗೂ ವೋಟು. ಹೆಂಗಸರಿಗೆ 1944ರಾಗ. ಬೆರಳು ಮಡಚಿ ಎಣಿಸಿದೆ, 96 ವರ್ಷ! ನಡುವ ಅಲ್ಲಿಯ ಹೆಂಗಸರು ಸೆನೆಟಿನ ಮಂದಿಗೆ ಕಾಲುಚೀಲ ಕೊಟ್ಟು, "ವೋಟು ಕೊಟ್ರೂ ನಿಮ್ಮ ತೂತು ಕಾಲುಚೀಲ ರಫೂ ಮಾಡೋದು ಬಿಡಂಗಿಲ್ಲ" ಅಂದ್ರಂತ. ನಗು ತಡೀಲಿಕ್ಕಾಗಲಿಲ್ಲ.

ಇದು ಖರೇನಾ, ಇಲ್ಲಾ ಯಾರರ ಕಟ್ಟಿದ್ದಾ? ಮತ್ತ ಆ ಸೆನೆಟಿನವ್ರು ಅಷ್ಟು ವರ್ಷ ಯಾಕ ಅಡ್ಡ ಕುಂತ್ರು? ಮಗಳು ಬರಕೊಂಡಿದ್ದು ಅಲ್ಲಿಗೇ ನಿಂತೈತಿ.

ನಿವೃತ್ತ ಮೇಷ್ಟ್ರು, ಕೊಪ್ಪಳ

ಕಾಲುಚೀಲದ ಕಥೆ ನಿಜ ಕಣಮ್ಮ. 1936ರದ್ದು. ಲೂಯೀಸ್ ವೈಸ್ ಎಂಬ ಪತ್ರಕರ್ತೆಯ ಗುಂಪಿನ ಕೆಲಸ. ವೋಟು ಬಂದರೆ ಹೆಂಗಸರು ಮನೆಗೆಲಸ ಬಿಟ್ಟುಬಿಡುತ್ತಾರೆ ಎಂದು ಗೊಣಗುತ್ತಿದ್ದವರಿಗೆ ಕೊಟ್ಟ ಉತ್ತರ ಅದು.

ಅಡ್ಡ ಕುಳಿತ ಕಥೆ ಇದಕ್ಕಿಂತ ಸ್ವಾರಸ್ಯ. ಕೆಳಮನೆ 1919ರಲ್ಲೇ ಒಪ್ಪಿತ್ತು, 329 ಪರ, 95 ವಿರುದ್ಧ. ಸೆನೆಟ್ ಅಂದರೆ ಮೇಲ್ಮನೆ. ಅದು ಮೂರು ವರ್ಷ ಮಸೂದೆಯನ್ನು ಹಾಗೇ ಇಟ್ಟುಕೊಂಡು, 1922ರ ನವೆಂಬರಿನಲ್ಲಿ 156–134ರಿಂದ ಬೀಳಿಸಿತು. 22 ಮತಗಳ ಅಂತರ, ಅಷ್ಟೇ. 1936ರ ಜುಲೈನಲ್ಲಿ ಕೆಳಮನೆಯಲ್ಲಿ ಎಷ್ಟು ಬಂತು ಗೊತ್ತೇ? 495 ಪರ, ವಿರುದ್ಧ ಒಂದೂ ಇಲ್ಲ. ಸೆನೆಟ್ ಅದನ್ನು ಚರ್ಚೆಗೇ ತೆಗೆದುಕೊಳ್ಳಲಿಲ್ಲ. ಮೇಲಿನವರು ಹೇಗೂ ತಡೆಯುತ್ತಾರೆ ಎಂಬ ಧೈರ್ಯದಲ್ಲೇ ಕೆಳಗಿನವರಲ್ಲಿ ಕೆಲವರು ಕೈ ಎತ್ತಿದರೆಂದು ನನ್ನ ಗುಮಾನಿ.

ಸೆನೆಟಿನಲ್ಲಿ ಬಲವಾಗಿದ್ದದ್ದು ರ‍್ಯಾಡಿಕಲ್ ಪಕ್ಷ. ಕ್ರಾಂತಿಯ ವಾರಸುದಾರರು ತಾವೇ ಎನ್ನುತ್ತಿದ್ದವರು. 1905ರಲ್ಲಿ ಸರ್ಕಾರವನ್ನು ಚರ್ಚಿನಿಂದ ಬೇರೆ ಮಾಡಿದ್ದರು. ಹೆಂಗಸರು ಚರ್ಚಿಗೆ ಹೋಗುವವರು, ಪಾದ್ರಿ ಹೇಳಿದವರಿಗೆ ವೋಟು ಹಾಕಿ ಗಣರಾಜ್ಯವನ್ನೇ ಕೆಡವುತ್ತಾರೆ ಎಂಬ ಭಯ ಅವರಿಗೆ. ಅದೇ 1936ರಲ್ಲಿ ಪ್ರಧಾನಿ ಲಿಯೋನ್ ಬ್ಲೂಮ್ ಮೂವರು ಹೆಂಗಸರನ್ನು ಉಪಮಂತ್ರಿಗಳಾಗಿ ತೆಗೆದುಕೊಂಡ. ಒಬ್ಬಾಕೆ ಐರೀನ್ ಜೋಲಿಯೋ-ಕ್ಯೂರಿ, ಹಿಂದಿನ ವರ್ಷವಷ್ಟೇ ನೊಬೆಲ್ ಪಡೆದವಳು. ಸರ್ಕಾರದಲ್ಲಿ ಕುರ್ಚಿ ಉಂಟು, ಕೈಯಲ್ಲಿ ವೋಟಿಲ್ಲ!

ಬಿಸಿಲೂರಿನ ಹುಡುಗಿ, ರಾಯಚೂರು

ಮೇಷ್ಟ್ರೇ, ಪಾದ್ರಿ ಹೇಳಿದಂಗ ವೋಟು ಹಾಕ್ತಾರಂತ ಹೆಂಗಸರಿಗೆ ಕೊಡಲಿಲ್ಲ ಅಂದ್ರ, ನಮ್ಮೂರಾಗ ಗೌಡ್ರು ಹೇಳಿದಂಗ ಹಾಕೋ ಗಂಡಸರ ವೋಟು ಯಾರರ ಕಸಗೊಂಡಾರೇನ್ರಿ?

ಅಕ್ಕಾ, ಮಗಳಿಗೆ ಹೇಳ್ರಿ, ಉಬರ್ತಿನ್ ಓಕ್ಲೇರ್ ಅನ್ನಾಕಿನ್ನ ಬಿಡಬ್ಯಾಡ ಅಂತ. 1880ರಾಗ ವೋಟಿಲ್ಲ ಅಂದ್ರ ತೆರಿಗಿನೂ ಕಟ್ಟಂಗಿಲ್ಲ ಅಂದ್ಲು. 1908ರಾಗ ಪ್ಯಾರಿಸ್ಸಿನ ಮತಗಟ್ಟಿಗೆ ನುಗ್ಗಿ ಮತಪೆಟ್ಟಿಗಿನ್ನ ಕೆಡವಿದ್ಲು. ಅಷ್ಟೊತ್ತಿಗೆ ಆಕಿಗೆ ಅರವತ್ತು!

ನಮ್ಮಜ್ಜಿಗೆ ಮೊದಲನೇ ವೋಟು 1952ರಾಗ. ರಾಯಚೂರು ಆಗ ಹೈದರಾಬಾದ್ ರಾಜ್ಯದಾಗಿತ್ತು. ಪಟ್ಟಿ ಬರಿಯೋ ಮಾಸ್ತರು ಗಂಡನ ಹೆಸರು ಕೇಳ್ಯಾರ. ಅಜ್ಜಿ ಒಡಪು ಇಲ್ಲದ ಹೆಂಗ ಹೇಳಬೇಕು? ಮದುವ್ಯಾಗ ಹೇಳಿದ್ದ ಒಡಪನ್ನೇ ರಾಗವಾಗಿ ಶುರು ಮಾಡ್ಯಾಳ, ಮಾಸ್ತರು ಪೆನ್ನು ಹಿಡಕೊಂಡು ಹೆಸರು ಯಾವಾಗ ಬರತೈತಿ ಅಂತ ಕಾದಾರ. ನಮ್ಮ ಮನ್ಯಾಗ ಇವತ್ತಿಗೂ ಇದನ್ನ ಹೇಳಿ ನಗ್ತಾರ. ಉತ್ತರದ ರಾಜ್ಯಗಳಾಗ ಉಲ್ಟಾ ಆತು. ಇಂಥವನ ಹೆಂಡತಿ, ಇಂಥವನ ಮಗಳು ಅಂತಷ್ಟೇ ಬರೆಸಿ ತಮ್ಮ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದ್ರು.

ಕೋಟೆ ಕೆಳಗಿನವ, ಬಳ್ಳಾರಿ

ಇಷ್ಟೆಲ್ಲಾ ಯಾಕೆ? ಕೊನೆಗೆ, ಜರ್ಮನರ ವಿರುದ್ಧ ಹೋರಾಡುತ್ತಿದ್ದ ಫ್ರೆಂಚರ ನಾಯಕ ಜನರಲ್ ಡಿ ಗಾಲ್ ಒಂದು ಸಹಿ ಹಾಕಿ ಕೊಟ್ಟ, ಮುಗೀತು. ಅಂದಹಾಗೆ ನಮ್ಮ ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯ. ಅಲ್ಲಿ 1921ರಲ್ಲೇ ಹೆಂಗಸರಿಗೆ ವೋಟು. ಫ್ರಾನ್ಸಿಗಿಂತ 23 ವರ್ಷ ಮುಂದೆ!

ನಿವೃತ್ತ ಮೇಷ್ಟ್ರು, ಕೊಪ್ಪಳ

1921 ಸರಿ ತಮ್ಮಾ, ಆದರೆ ಆಸ್ತಿ, ಕಂದಾಯ ಇದ್ದವರಿಗೆ ಮಾತ್ರ. ಗದ್ದೆ ಕಳೆ ಕೀಳುವ ಹೆಂಗಸಿಗೆ ಬರಲಿಲ್ಲ, ಆಕೆಯ ಗಂಡನಿಗೂ ಬರಲಿಲ್ಲ.

ಡಿ ಗಾಲ್ ಸಹಿ ಹಾಕಿದ್ದು 1944ರ ಏಪ್ರಿಲ್ 21ಕ್ಕೆ. ಅದಕ್ಕೆ ನಾಲ್ಕು ವಾರ ಮುಂಚೆ, ಮಾರ್ಚ್ 24ರಂದು, ಆಗ ಫ್ರೆಂಚರ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾದ ಅಲ್ಜಿಯರ್ಸಿನಲ್ಲಿ ಸೇರಿದ್ದ ಸಲಹಾ ಸಭೆಯಲ್ಲಿ ಫೆರ್ನಾಂದ್ ಗ್ರೆನಿಯೆ ಎಂಬ ಕಮ್ಯುನಿಸ್ಟ್, ಹೆಂಗಸರಿಗೂ ವೋಟು ಕೊಡುವ ತಿದ್ದುಪಡಿ ತಂದಿದ್ದ. ಆಗ ಫ್ರಾನ್ಸ್ ಇನ್ನೂ ಜರ್ಮನರ ಕೈಯಲ್ಲಿತ್ತು. ಗಂಡಸರು ಲಕ್ಷಗಟ್ಟಲೆ ಸೆರೆಯಲ್ಲಿದ್ದಾರೆ, ಈಗ ಚುನಾವಣೆ ನಡೆಸಿದರೆ ಹೆಂಗಸರ ವೋಟೇ ಹೆಚ್ಚಾಗುತ್ತದೆ ಎಂಬ ತಕರಾರು ಅಲ್ಲೂ ಎದ್ದಿತು. ಆದರೂ 51–16ರಿಂದ ಗೆದ್ದಿತು. ಆ ಸಭೆಗೆ ಮೇಲ್ಮನೆ ಇರಲಿಲ್ಲ, ನೋಡಿ. ಸೆನೆಟ್ ಕೊನೆಯವರೆಗೂ ಒಪ್ಪಲೇ ಇಲ್ಲ. 1940ರಲ್ಲಿ ಆ ಗಣರಾಜ್ಯವೇ ಬಿದ್ದುಹೋಗಿತ್ತು.

ಹೆಂಗಸರು ಮೊದಲು ಮತ ಹಾಕಿದ್ದು 1945ರ ಏಪ್ರಿಲ್ 29ರ ಸ್ಥಳೀಯ ಚುನಾವಣೆಯಲ್ಲಿ. ಅಕ್ಟೋಬರಿನಲ್ಲಿ ಸಂವಿಧಾನ ಸಭೆಗೆ 33 ಹೆಂಗಸರು ಗೆದ್ದರು. ಈ ತೀರ್ಮಾನ ಆದ ಅಲ್ಜಿಯರ್ಸಿನ ಮುಸ್ಲಿಂ ಹೆಂಗಸರು ಮಾತ್ರ 1958ರ ತನಕ ಕಾದರು. ಇನ್ನೊಂದು: ಮದುವೆಯಾದ ಹೆಂಗಸು ಗಂಡನ ಒಪ್ಪಿಗೆ ಕೇಳದೆ ಕೆಲಸಕ್ಕೆ ಸೇರಲು, ಬ್ಯಾಂಕ್ ಖಾತೆ ತೆರೆಯಲು ಕಾನೂನು ಬಂದದ್ದು 1965ರಲ್ಲಿ.

ಜೀನ್ಸ್ ಮಿಷನ್ ಅಕ್ಕ, ಬಳ್ಳಾರಿ

ಮೇಷ್ಟ್ರೇ, ಬ್ಯಾಂಕಿನ ಮಾತು ಓದಿ ಎದ್ದು ಹೋಗಿ ನನ್ನ ಸಂಘದ ಪಾಸ್‌ಬುಕ್ ತೆಗೆದು ನೋಡಿದೆ. ಅಕ್ಕಿ ಡಬ್ಬಿ ಒಳಗ ಇಟ್ಟೀನಿ, ನಮ್ಮ ಮನಿಯವ್ರಿಗೆ ಜಾಗ ಗೊತ್ತಿಲ್ಲ. ವೋಟು ಬಂದ ಮ್ಯಾಲೂ 21 ವರ್ಷ ಬ್ಯಾಂಕಿಗೆ ಗಂಡನ್ನ ಕೇಳಿ ಹೋಗಬೇಕಿತ್ತಾ!

ರಾಯಚೂರು ತಂಗಿ, ನಿಮ್ಮ ಗೌಡ್ರ ಮಾತನ್ನ ಮಗಳು ಬರಕೊಂಡ್ಲು. ಕಾಲೇಜಿನಾಗ ಹೇಳಿದ್ರ ಏನಾಗತೈತೋ ನೋಡೂಣು.

ಈಗ ಆಕಿಗೆ ತೂತು ಬಿದ್ದ ಕಾಲುಚೀಲ ಬೇಕಂತ, ಸ್ಟೇಜಿನ ಮ್ಯಾಲೆ ತೋರಿಸ್ಲಿಕ್ಕೆ. ಮನಿಯೆಲ್ಲಾ ಹುಡುಕಿದ್ರ ಒಂದೂ ಇಲ್ಲ. ಈ ಬಿಸಿಲಾಗ ಯಾರು ಹಾಕ್ಕೋತಾರ? ಜೀನ್ಸ್ ಚೂರು ಚೀಲತುಂಬ ಬಿದ್ದಾವ. ಅದರಾಗ ಒಂದು ಹೊಲಿದು, ನಾನೇ ತೂತು ಮಾಡಿ ಕೊಡ್ತೀನಿ.