ಎಲ್‌ಇಡಿ ಸೂಕ್ಷ್ಮದರ್ಶಕ: ಬಾವಿನೀರು, ಶುದ್ಧ ನೀರು ಎರಡೂ ಒಂದೇ ರೀತಿ ಹೊಳೆಯುತ್ತಿವೆ

ಬಾವಿಕಟ್ಟೆ:
ಮೂರು ವಾರಗಳಿಂದ ಇದರ ಬೆನ್ನು ಹತ್ತಿ ಸೋತಿದ್ದೇನೆ. ಮಳೆಗಾಲದಲ್ಲಿ ಕೊಟ್ಟಿಗೆಯ ಗಲೀಜು ನಮ್ಮ ಬಾವಿಗೆ ಬಸಿಯುತ್ತಿದೆ ಎಂಬ ಅನುಮಾನದಿಂದ, ಹಳೆಯ ಸೂಕ್ಷ್ಮದರ್ಶಕಕ್ಕೆ 470 ನ್ಯಾನೋಮೀಟರಿನ ನೀಲಿ ಎಲ್‌ಇಡಿಯನ್ನು ಓರೆಯಾಗಿ ಕೂರಿಸಿ, ಕಣ್ಣಿಡುವ ಮಸೂರದ (ಐಪೀಸ್) ಕೆಳಗೆ ನೀಲಿ ಬೆಳಕನ್ನು ತಡೆಯುವ ಕಿತ್ತಳೆ ಜೆಲ್ ಹಾಳೆ ಇಟ್ಟು, ಬ್ಯಾಕ್ಟೀರಿಯಾಕ್ಕೆ ಅಂಟಿ ನೀಲಿ ಬೆಳಕಿನಲ್ಲಿ ಹೊಳೆಯುವ ಅಕ್ರಿಡಿನ್ ಆರೆಂಜ್ ಎಂಬ ಬಣ್ಣವನ್ನು ನೀರಿಗೆ ಬೆರೆಸಿ ನೋಡುತ್ತಿದ್ದೇನೆ. ಬಾವಿನೀರಿನಲ್ಲಿ ಹಸಿರು, ಕಿತ್ತಳೆ ಚುಕ್ಕಿಗಳು ಕಾಣುತ್ತವೆ. ಹೋಲಿಕೆಗೆಂದು ಇಟ್ಟ ಶುದ್ಧ ನೀರಿನಲ್ಲೂ ಅಷ್ಟೇ ಚುಕ್ಕಿಗಳಿವೆ! ಎಲ್‌ಇಡಿ ಬದಲಿಸಿದೆ, ಸ್ಲೈಡ್ ಬದಲಿಸಿದೆ, ಪ್ರಯೋಜನವಾಗಲಿಲ್ಲ.

ಮಸೂರಪ್ರಿಯ:
ದೋಷ ಎಲ್‌ಇಡಿಯದೇ. 470 ಎಂದು ಬರೆದಿದ್ದರೂ ಅದರ ಬೆಳಕು 500ರ ಆಚೆಗೂ ಚಾಚಿರುತ್ತದೆ. ಓರೆಯಾಗಿ ಬಿದ್ದ ಆ ಬೆಳಕು ದೂಳಿನ ಕಣಗಳಿಗೆ ತಾಗಿ ಚದುರಿ, ಡಿಎನ್‌ಎಗೆ ಅಂಟಿದ ಬಣ್ಣ ಹೊಮ್ಮಿಸುವ 525ರ ಹಸಿರಿನೊಡನೆ ಕಲಸಿಹೋಗುತ್ತದೆ. ಎಲ್‌ಇಡಿಯ ಮುಂದೆ ನೀಲಿ ಫಿಲ್ಟರ್ ಹಾಕಿ.

ಬಾವಿಕಟ್ಟೆ:
ಬಣ್ಣ ಹಾಕದೆ ನೋಡಿದರೆ ಪೂರ್ತಿ ಕತ್ತಲೆ. ದೂಳಾಗಿದ್ದರೆ ಆಗಲೂ ಕಾಣಬೇಕಿತ್ತಲ್ಲವೇ?

ಮಸೂರಪ್ರಿಯ:
ಆದರೂ ಫಿಲ್ಟರ್ ಇಲ್ಲದೆ ಏನನ್ನೂ ನಂಬಲಾಗದು. ನಾನು ಹಳೆಯ ಪ್ರೊಜೆಕ್ಟರಿನ ಡೈಕ್ರೊಯಿಕ್ ಗಾಜನ್ನು (ಕೆಲವು ಬಣ್ಣದ ಬೆಳಕನ್ನಷ್ಟೇ ಹಾಯಗೊಡುವ ಗಾಜು) ತೆಗೆದು ಬಳಸುತ್ತೇನೆ. ಹಿನ್ನೆಲೆ ಕಾಡಿಗೆಯಂತೆ ಕಪ್ಪಾಗಿರುತ್ತದೆ.

ತುಂಗಾತೀರ:
ಅಕ್ರಿಡಿನ್ ಆರೆಂಜ್ ಡಿಎನ್‌ಎಗೇ ಅಂಟುವ ವಸ್ತು, ಕೈಗವಸಿಲ್ಲದೆ ಮುಟ್ಟಬೇಡಿ. ಇದರ ಬದಲು ಕ್ಷಯ ಪರೀಕ್ಷೆಯಲ್ಲಿ ಬಳಸುವ ಆರಮೀನ್ ಎಂಬ ಹೊಳೆಯುವ ಬಣ್ಣವನ್ನು ಬಳಸಬಹುದಲ್ಲ? ಕ್ಷಯ ಪತ್ತೆಗೆ ಎಲ್‌ಇಡಿ ಸೂಕ್ಷ್ಮದರ್ಶಕವನ್ನು ವಿಶ್ವ ಆರೋಗ್ಯ ಸಂಸ್ಥೆಯೇ 2011ರಲ್ಲಿ ಶಿಫಾರಸು ಮಾಡಿದೆ.

ಮಸೂರಪ್ರಿಯ:
ಆರಮೀನ್ ಹಿಡಿಯುವುದು ಕ್ಷಯದ ಬ್ಯಾಕ್ಟೀರಿಯಾದ ಮೇಣದಂಥ ಹೊರಪದರವನ್ನು. ಸಗಣಿಯಿಂದ ಬಂದ ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾಕ್ಕೆ ಆ ಪದರವೇ ಇಲ್ಲ.

ತುಂಗಾತೀರ:
ನಾನು ಹೇಳಿದ್ದು ಸುರಕ್ಷತೆಯ ಮಾತು. ಅದಕ್ಕೆ ನೀವು ಉತ್ತರಿಸಲಿಲ್ಲ.

ಪ್ರಯೋಗಶಾಲೆ_ಅಕ್ಕ:
ಬಾವಿಕಟ್ಟೆಯವರೇ, ಆ "ಶುದ್ಧ ನೀರು" ಎಲ್ಲಿಯದು?

ಬಾವಿಕಟ್ಟೆ:
ಅದೇ ಬಾವಿಯದು ಅಕ್ಕ, ಇಪ್ಪತ್ತು ನಿಮಿಷ ಕುದಿಸಿ ಆರಿಸಿದ್ದು. ಅದನ್ನು ಬೇರೆ ಹೇಳಬೇಕೆಂದು ತೋಚಲಿಲ್ಲ.

ಪ್ರಯೋಗಶಾಲೆ_ಅಕ್ಕ:
ತೊಡಕು ಇರುವುದು ಅಲ್ಲೇ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಆದರೆ ನೀರಿನಿಂದ ಹೋಗಿಬಿಡುವುದಿಲ್ಲ. ಸತ್ತ ಕೋಶದಲ್ಲೂ ನ್ಯೂಕ್ಲಿಯಿಕ್ ಆಮ್ಲ (ಡಿಎನ್‌ಎ, ಆರ್‌ಎನ್‌ಎ) ಉಳಿದಿರುವುದರಿಂದ ಅಕ್ರಿಡಿನ್ ಆರೆಂಜ್ ಅದಕ್ಕೂ ಅಂಟುತ್ತದೆ. ಹೋಲಿಕೆಯ ನೀರನ್ನು 0.2 ಮೈಕ್ರಾನಿನ ಸಿರಿಂಜ್ ಫಿಲ್ಟರಿನಲ್ಲಿ ಸೋಸಿ. ಬಣ್ಣದ ದ್ರಾವಣವನ್ನೂ ಸೋಸಿ, ಏಕೆಂದರೆ ಹಳೆಯ ದ್ರಾವಣದಲ್ಲೇ ಬ್ಯಾಕ್ಟೀರಿಯಾ ಬೆಳೆದಿರಬಹುದು. ಇನ್ನೊಂದು ಮಾತು: ಈ ಬಣ್ಣ ಮಣ್ಣಿನ ನಿರಪಾಯಕಾರಿ ಬ್ಯಾಕ್ಟೀರಿಯಾವನ್ನೂ ಕೊಟ್ಟಿಗೆಯದನ್ನೂ ಬೇರೆ ಮಾಡಿ ತೋರಿಸದು. ಕುಡಿಯುವ ನೀರಿನ ಐಎಸ್ 10500 ಮಾನಕದಂತೆ 100 ಮಿ.ಲೀ.ನಲ್ಲಿ ಇ. ಕೋಲೈ ಕಾಣಲೇಬಾರದು, ಅಷ್ಟು ವಿರಳವಾದುದನ್ನು ಒಂದು ಹನಿಯಲ್ಲಿ ಹುಡುಕಲಾಗದು. ಎಚ್‌2ಎಸ್ ಬಾಟಲಿ ಪರೀಕ್ಷೆಯನ್ನೂ (ಮಲದ ಸೋಂಕಿದ್ದರೆ ಬಾಟಲಿಯ ನೀರು ಕಪ್ಪಾಗುವ ಪರೀಕ್ಷೆ) ಮಾಡಿ, ಫಲಿತಾಂಶ ಬರುವವರೆಗೆ ಆ ನೀರನ್ನು ಕುದಿಸದೆ ಕುಡಿಯಬೇಡಿ.

ಬಾವಿಕಟ್ಟೆ (ನಾಲ್ಕು ದಿನಗಳ ನಂತರ):
ಸೋಸಿದ ನೀರಿನ ಹತ್ತು ನೋಟಗಳಲ್ಲಿ ಒಂದೇ ಚುಕ್ಕಿ, ಬಾವಿನೀರಿನ ಹತ್ತರಲ್ಲಿ 34. ಬಾಟಲಿ ಮರುದಿನ ಬೆಳಿಗ್ಗೆಗೇ ಕಪ್ಪಾಗಿತ್ತು. ಮೂಗು ಹಿಡಿಯುವಷ್ಟು ಕೊಳೆತ ಮೊಟ್ಟೆಯ ವಾಸನೆ. ಅಕ್ಕ, ತುಂಬ ಉಪಕಾರವಾಯಿತು. ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವ ಅಳತೆ ತಿಳಿದವರು ದಯವಿಟ್ಟು ಹೇಳಿ.

ಮಸೂರಪ್ರಿಯ:
ನೀಲಿ ಫಿಲ್ಟರ್ ಹಾಕಿ ಮತ್ತೊಮ್ಮೆ ಎಣಿಸಿದಿರಾ?